ನಲ್: ಶೂನ್ಯವೋ, ಇಲ್ಲವೋ, ಗೊತ್ತಿಲ್ಲವೋ?

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಪಾಠಗಳನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಕೋಷ್ಟಕ, ಅಡ್ಡಸಾಲು, ಕಂಬಸಾಲು ಎನ್ನುವವರೆಗೆ ಸಲೀಸಾಗಿ ಬಂತು. 'ನಲ್' (NULL) ಎಂಬಲ್ಲಿ ಗಾಡಿ ನಿಂತಿದೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬಳಸಿದವರಿಗೆ ಇದು ಗೊತ್ತಿರುತ್ತದೆ. ಕೋಷ್ಟಕದ ಒಂದು ಮನೆಯಲ್ಲಿ ಬೆಲೆಯೇ (ವ್ಯಾಲ್ಯೂ) ಇಲ್ಲದಿದ್ದಾಗ ಅಲ್ಲಿ ಕೂರುವ ಗುರುತು ಅದು.

ಮೊದಲು 'ಶೂನ್ಯ' ಎಂದು ಬರೆದಿದ್ದೆ. ಕರಡು ಓದಿದ ಹುಡುಗನೊಬ್ಬ, "ಹಾಗಾದ್ರೆ ಪರೀಕ್ಷೆಗೆ ಬರದವನಿಗೆ ಸೊನ್ನೆನಾ ಸಾರ್?" ಎಂದ. ಸರಿಯಾದ ಕಡೆ ಚುಚ್ಚಿದ. ಮೂವರಿಗೆ 60, 70, 80 ಅಂಕ, ನಾಲ್ಕನೆಯವನು ಗೈರು ಎಂದುಕೊಳ್ಳಿ. ಅವನ ಅಂಕದ ಮನೆಯಲ್ಲಿ ನಲ್ ಇದ್ದರೆ ಎಸ್‌ಕ್ಯೂಎಲ್ ಅವನನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸರಾಸರಿ 70. ಸೊನ್ನೆ ಇದ್ದರೆ 52.5. ಶೂನ್ಯ ಅಲ್ಲಿಗೇ ಬಿತ್ತು.

'ಖಾಲಿ' ಎನ್ನೋಣವೇ? ಅದಕ್ಕೂ ತೊಡಕಿದೆ. ಒಂದೂ ಅಕ್ಷರವಿಲ್ಲದ ಪಠ್ಯವೂ ಖಾಲಿಯೇ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗಳಲ್ಲಿ ಖಾಲಿ ಪಠ್ಯ ಬೇರೆ, ನಲ್ ಬೇರೆ. ಒರಾಕಲ್ ಡೇಟಾಬೇಸ್‌ನಲ್ಲಿ ಎರಡೂ ಒಂದೇ. ಇನ್ನು ಸುಮ್ನೆ 'ನಲ್' ಎಂದೇ ಬಿಟ್ಟರೆ ವಿಭಕ್ತಿ ಹತ್ತಿಸುವಾಗ 'ನಲ್ಲಿಗೆ', 'ನಲ್ಲಿನ' ಎಂದಾಗಿ ಬೀದಿ ನಲ್ಲಿ ಕಣ್ಣಮುಂದೆ ಬರುತ್ತದೆ!

ನನ್ನ ಅನುಮಾನ ಏನೆಂದರೆ, ತೊಂದರೆ ಕನ್ನಡದ್ದಲ್ಲ, ನಲ್‌ದೇ. ನಮ್ಮಲ್ಲಿ 'ಇಲ್ಲ' ಬೇರೆ, 'ಅಲ್ಲ' ಬೇರೆ, 'ಗೊತ್ತಿಲ್ಲ' ಬೇರೆ. ಊರಿನ ಅಜ್ಜಿಯ ಮೊಬೈಲ್ ನಂಬರ್ ಕೇಳಿದರೆ "ಅವರ ಹತ್ತಿರ ಮೊಬೈಲೇ ಇಲ್ಲ" ಎನ್ನುವುದು ಒಂದು ಉತ್ತರ. "ಇದೆ, ನಂಬರ್ ನಂಗೊತ್ತಿಲ್ಲ" ಎನ್ನುವುದು ಇನ್ನೊಂದು. ಎಸ್‌ಕ್ಯೂಎಲ್ ಎರಡಕ್ಕೂ ಒಂದೇ ನಲ್ ಬರೆದು ಕೈತೊಳೆದುಕೊಳ್ಳುತ್ತದೆ.

ಸಿದ್ಧಾಂತದ ಕಡೆಯವರಿಗೂ ಇದು ಕಾಡಿದೆ. ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ, ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ರಿಲೇಶನಲ್ ಮಾದರಿಯನ್ನು ಮುಂದಿಟ್ಟ ಪ್ರಬಂಧದಲ್ಲಿ ನಲ್‌ನ ಮಾತಿಲ್ಲ. ಅಲ್ಲಿ ರಿಲೇಶನ್ (ನಮ್ಮ ಕೋಷ್ಟಕ) ಎಂದರೆ ಗಣಿತದ ಗಣ. ಒಂದೊಂದು ಸಾಲೂ ಒಂದು ನಿಜವಾದ ಹೇಳಿಕೆ, ಅಷ್ಟೇ. ಅದೇ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ 'ಸೀಕ್ವೆಲ್' ಭಾಷೆಯನ್ನು ಪ್ರಕಟಿಸಿದರು, ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. 1979ರಲ್ಲಿ ಕಾಡ್ ತಾವೇ ನಲ್ ಬಗ್ಗೆ ಬರೆದು, ಹೌದು–ಅಲ್ಲಗಳ ಜೊತೆಗೆ 'ಗೊತ್ತಿಲ್ಲ' ಎಂಬ ಮೂರನೆಯ ಉತ್ತರವನ್ನು ಸೇರಿಸಿದರು. ಆಮೇಲೆ ಅದೂ ಸಾಲದೆನಿಸಿ 1990ರ ಹೊತ್ತಿಗೆ ಎರಡು ಗುರುತು ಬೇಕೆಂದರು: ಬೆಲೆ ಇರಬೇಕಾದದ್ದು ಆದರೆ ಸಿಕ್ಕಿಲ್ಲ ಎಂಬುದಕ್ಕೆ ಒಂದು, ಇಲ್ಲಿ ಬೆಲೆಗೆ ಜಾಗವೇ ಇಲ್ಲ ಎಂಬುದಕ್ಕೆ ಒಂದು. ನಮ್ಮ 'ಗೊತ್ತಿಲ್ಲ', 'ಇಲ್ಲ' ತಾನೇ ಇವು? ಅವರ ಜೊತೆಗಾರರಾಗಿದ್ದ ಕ್ರಿಸ್ ಡೇಟ್ ಮಾತ್ರ ನಲ್ಲೇ ಬೇಡ ಎಂದು ಹಟ ಹಿಡಿದವರು. ಎಸ್‌ಕ್ಯೂಎಲ್ ಇಬ್ಬರ ಮಾತನ್ನೂ ಕೇಳಲಿಲ್ಲ.

ಹಾಗಾದರೆ 'ಗೊತ್ತಿಲ್ಲ' ಎಂದೇ ಇಟ್ಟುಬಿಡೋಣ ಎಂದು ಹೊರಟೆ. ಸ್ವಲ್ಪ ದೂರ ಚೆನ್ನಾಗಿಯೇ ಬರುತ್ತದೆ. 'ಊರು ಮೈಸೂರು ಅಲ್ಲದವರನ್ನು ಕೊಡು' ಎಂದು ಕೇಳಿದರೆ, ಊರಿನ ಕಡೆ ನಲ್ ಇರುವವರು ಪಟ್ಟಿಯಲ್ಲಿ ಬರುವುದಿಲ್ಲ. 'ಮೈಸೂರಿನವರನ್ನು ಕೊಡು' ಎಂದರೂ ಬರುವುದಿಲ್ಲ. ಗೊತ್ತಿಲ್ಲದ ಊರು ಮೈಸೂರೇ ಇರಬಹುದು, ಇಲ್ಲದೆಯೂ ಇರಬಹುದು, ಸರಿ. ಎರಡು ನಲ್‌ಗಳನ್ನು ಹೋಲಿಸಿದರೂ ಸಮ ಎನ್ನುವುದಿಲ್ಲ. ಇದೂ ಸರಿ. ನನಗೆ ಗೊತ್ತಿಲ್ಲದ ಎರಡು ಊರು ಒಂದೇ ಎಂದು ಹೇಗೆ ಹೇಳಲಿ?

ಆದರೆ ಅದೇ ಕೋಷ್ಟಕವನ್ನು ಊರುವಾರು ಗುಂಪು ಮಾಡಿಸಿ ನೋಡಿ. ಎಲ್ಲ ನಲ್‌ಗಳೂ ಒಂದೇ ಗುಂಪಿಗೆ ಹೋಗಿ ಕೂರುತ್ತವೆ! ಈಗ ಅವು ಸಮವಾದವು, ಅಲ್ವಾ? ಹುಡುಕುವಾಗ ಷರತ್ತಿಗೆ 'ಗೊತ್ತಿಲ್ಲ' ಎಂಬ ಉತ್ತರ ಬಂದರೆ ಆ ಸಾಲು ಹೊರಗೆ. ಕೋಷ್ಟಕಕ್ಕೆ ಸಾಲು ಸೇರಿಸುವಾಗ, ತಪ್ಪು ಬೆಲೆ ಬರದಂತೆ ತಡೆಯುವ ಚೆಕ್ ಷರತ್ತಿಗೆ ಅದೇ ಉತ್ತರ ಬಂದರೆ ಒಳಗೆ. ಒಂದೂ ಸಾಲಿಲ್ಲದ ಕೋಷ್ಟಕದ ಮೊತ್ತ ಕೇಳಿದರೆ ನಲ್ ಕೊಡುತ್ತದೆ. ಅಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ, ಉತ್ತರ ನೇರಾನೇರ ಸೊನ್ನೆ. ಎರಡು ಕೋಷ್ಟಕ ಜೋಡಿಸುವಾಗ ಜೊತೆಯಿಲ್ಲದ ಸಾಲುಗಳನ್ನೂ ಉಳಿಸಿಕೊಳ್ಳುವ ಔಟರ್ ಜಾಯಿನ್‌ನಲ್ಲಿ ಬರುವ ನಲ್‌ಗೆ 'ಜೊತೆ ಸಿಗಲಿಲ್ಲ' ಎಂದು ಅರ್ಥ. ಪಾಪ, ಒಂದು ಪದಕ್ಕೆ ಎಷ್ಟು ಕೆಲಸ!

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ಮನೆಯಲ್ಲಿ ಕೂರುವ ಗುರುತಿಗೆ 'ಇಲ್ಲಗುರುತು'. ಷರತ್ತಿನ ಮೂರನೆಯ ಉತ್ತರಕ್ಕೆ 'ಗೊತ್ತಿಲ್ಲ'. ಎಸ್‌ಕ್ಯೂಎಲ್ ಕೋಡ್ ಸಾಲುಗಳ ಒಳಗೆ 'ನಲ್' ಹಾಗೇ ಇರುತ್ತದೆ. 'ಇಲ್ಲಗುರುತು' ಸ್ವಲ್ಪ ಕಟ್ಟಿದ ಹಾಗೆ ಕೇಳಿಸುತ್ತದೆ ಎಂಬುದು ನನಗೂ ಗೊತ್ತು. 'ಗೈರು' ಎಂಬುದೂ ಮನಸ್ಸಲ್ಲಿದೆ. ಹಾಜರಿ ಪುಸ್ತಕದಿಂದ ಎಲ್ಲರಿಗೂ ಪರಿಚಯ, ಸೊನ್ನೆಯ ಜೊತೆ ಕಲಸಿಹೋಗುವುದೂ ಇಲ್ಲ. ಆದರೆ ಅಜ್ಜಿಯ ಮೊಬೈಲ್ ನಂಬರ್ 'ಗೈರು' ಎನ್ನಲು ಬಾಯಿ ಬರುತ್ತಿಲ್ಲ.

ನೀವು ಪಾಠ ಮಾಡುವಾಗ ಬಾಯಲ್ಲಿ ಏನು ಹೇಳುತ್ತೀರಿ? ಬರೆಯುವ ಪದಕ್ಕಿಂತ ಆ ಬಾಯಿಮಾತೇ ನನಗೆ ಜಾಸ್ತಿ ಬೇಕಾಗಿರುವುದು.