ದಿನಾ ಗದಗ-ಹುಬ್ಬಳ್ಳಿ ಓಡಾಡ್ತೀನಿ, ಮೂರು ವರ್ಷದಿಂದ ಹೊಟ್ಟಿ ಸರಿ ಇಲ್ಲ, ಏನು ಉಣಬೇಕು ಏನು ಬಿಡಬೇಕು?

ಬೆಟಗೇರಿ_ಪ್ಯಾಸೆಂಜರ್

ಎಲ್ಲಾರಿಗೂ ನಮಸ್ಕಾರ್ರಿ. ನನಗ 34 ವರ್ಷ, ಊರು ಗದಗ-ಬೆಟಗೇರಿ, ಕೆಲಸ ಹುಬ್ಬಳ್ಯಾಗ, ದಿನಾ ಹೋಗಿ ಬರ್ತೀನಿ. ಮೂರು ವರ್ಷದ ಹಿಂದ ಒಂದು ಲಗ್ನದ ಊಟ ಉಂಡು ಬಂದಮ್ಯಾಲ ಜುಲಾಬ್ ಹತ್ತಿ, ಜ್ವರ ಬಂದು, ಎರಡು ದಿನ ಸಲಾಯಿನ್ ಹಚ್ಚಿದ್ರು. ಅದು ಆರಾಮಾತು, ಆದ್ರ ಅವತ್ತಿನಿಂದ ಹೊಟ್ಟಿ ಮೊದಲಿನಂಗ ಆಗೇ ಇಲ್ರಿ. ವಾರದಾಗ ಮೂರು ನಾಕು ದಿನ ಉಂಡು ಅರ್ಧ ತಾಸಿನ್ಯಾಗ ಹೊಟ್ಟಿ ಕಡ್ಯಾಕ ಹತ್ತತೈತಿ, ಸಂಡಾಸಕ್ಕ ಹೋಗಿ ಬಂದ್ರ ಕಡಿಮಿ ಆಕ್ಕೈತಿ, ಮತ್ತ ಒಂದು ತಾಸಿಗೆ ಇನ್ನೊಮ್ಮೆ. ಸಂಜೀಕ ಹೊಟ್ಟಿ ಉಬ್ಬಿ ಕಲ್ಲಿನಂಗ ಆಕ್ಕೈತಿ. ಬಸ್ಸಿಗೆ ಹೋಗೋದ ಬಿಟ್ಟೀನಿ, ಟ್ರೇನಿನ್ಯಾಗ ಸಂಡಾಸ ಇರ್ತೈತಿ ಅನ್ನೋ ಒಂದ ಕಾರಣಕ್ಕ. ಹುಬ್ಬಳ್ಳಿ ಸ್ಟೇಶನ್ ಪ್ಲಾಟ್‌ಫಾರ್ಮ್ 1507 ಮೀಟರ್ ಐತಿ, ಹೊಟ್ಟಿ ಹಿಡಕೊಂಡು ಅದರ ತುದಿಯಿಂದ ನಡಕೋತ ಬರೋದು ಅಂದ್ರ ಏನು ಅಂತ ನನಗ ಗೊತ್ತೈತಿ.

ಡಾಕ್ಟರ್ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ಎಲ್ಲಾ ನಾರ್ಮಲ್ ಐತಿ, ಇದು ಐಬಿಎಸ್, ಅಂದ್ರ ಕರುಳು ಸೂಕ್ಷ್ಮ ಆಗಿ ಮತ್ತ ಮತ್ತ ಹೊಟ್ಟಿ ಕಡಿಯೋ ತೊಂದರಿ ಅಂತ ಹೇಳಿ ಗುಳಿಗಿ ಕೊಟ್ಟಾರ. ಊಟದ ಬಗ್ಗೆ ಕೇಳಿದ್ರ ಖಾರ ಕಡಿಮಿ ಮಾಡ್ರಿ ಅಂದ್ರು, ಅಷ್ಟ. ಮನ್ಯಾಗ ಅವ್ವ ಅಂತಾಳ ಜ್ವಾಳದ ರೊಟ್ಟಿ ಜಡ ಆಕ್ಕೈತಿ ಬಿಡು, ಮಾವ ಅಂತಾರ ರಾತ್ರಿ ಹಾಲು ಕುಡಿ, ಮೊಬೈಲ್ ತಗದ್ರ ಗೋದಿ ವಿಷ ಅಂತ ವಿಡಿಯೋ ಬರ್ತಾವು. ಈಗ ರೊಟ್ಟಿ ಬಿಟ್ಟು ಮೂರು ತಿಂಗಳಾತು, ಚಪಾತಿ ಉಣ್ತೀನಿ. ಮುಂಜಾನಿ ಉಪ್ಪಿಟ್ಟು ಚಹಾ, ಮಧ್ಯಾಹ್ನ ಡಬ್ಬಿಯೊಳಗ ಚಪಾತಿ, ಮಡಕಿ ಕಾಳು ಪಲ್ಯ ಇಲ್ಲಾ ಹೆಸರು ಕಾಳು, ಜೋಡಿ ಒಂದು ಹಸಿ ಉಳ್ಳಾಗಡ್ಡಿ. ಸಂಜೀಕ ಟ್ರೇನ್ ಲೇಟ್ ಆದ್ರ ಗಿರ್ಮಿಟ್ ಮಿರ್ಚಿ. ರಾತ್ರಿ ಅನ್ನ ಬ್ಯಾಳಿ ಸಾರು, ಒಂದು ಗ್ಲಾಸ್ ಹಾಲು. ಉಣಾಕ ಹೆದರಿಕಿ ಆಗಿ 4 ಕಿಲೋ ಇಳದೀನಿ. ಇದನ್ನ ದಾಟಿದವರು ಯಾರರ ಇದ್ರ ಹೇಳ್ರಿ ದಯವಿಟ್ಟು.

ಉಣಕಲ್_ಅಕ್ಕ

ತಮ್ಮಾ, ನಿನ್ನ ಪೋಸ್ಟ್ ಓದಿ ನನ್ನ ಹನ್ನೆರಡು ವರ್ಷ ಕಣ್ಣ ಮುಂದ ಬಂತು. ಮೊದಲನೇದ್ದು, ರೊಟ್ಟಿದು ಏನೂ ತಪ್ಪಿಲ್ಲಪಾ. ನೀ ಬಿಟ್ಟಿದ್ದು ರೊಟ್ಟಿ, ಇಟ್ಟುಕೊಂಡಿದ್ದು ರೊಟ್ಟಿ ಬಾಜೂಕ ಇರೋದೆಲ್ಲಾ. ನಿನ್ನ ಡಬ್ಬಿ ನೋಡು, ಗೋದಿ, ಕಾಳು, ಹಸಿ ಉಳ್ಳಾಗಡ್ಡಿ, ರಾತ್ರಿ ಬ್ಯಾಳಿ ಮತ್ತ ಹಾಲು. ಐಬಿಎಸ್ ಇದ್ದವರ ಹೊಟ್ಟಿಗೆ ಹೆಚ್ಚು ತ್ರಾಸ ಕೊಡೋ ಐದೂ ಸಾಮಾನು ಒಂದ ದಿನದಾಗ ಬಂದಾವ.

ಯಾಕ ಅಂತ ತಿಳಕೊಂಡ್ರ ಹೆದರಿಕಿ ಅರ್ಧ ಹೋಗ್ತದ, ಅದಕ್ಕ ಹೇಳ್ತೀನಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋದಿ ಇವುಗಳೊಳಗ ಫ್ರಕ್ಟಾನ್ ಅಂತ ಒಂದು ನಮೂನಿ ಸಕ್ಕರಿ ಇರ್ತದ, ಕಾಳು ಬ್ಯಾಳಿಯೊಳಗ ಇನ್ನೊಂದು ನಮೂನಿ. ಇವೆರಡನ್ನೂ ಅರಗಸೋ ಎನ್ಜೈಮ್ ಮನುಷ್ಯಾರ ಸಣ್ಣ ಕರುಳಿನ್ಯಾಗ ಇಲ್ಲ, ಯಾರಿಗೂ ಇಲ್ಲ. ಹಾಲಿನ ಲ್ಯಾಕ್ಟೋಸ್ ಅರಗಸೋದು ಸಣ್ಣವರಿದ್ದಾಗ ಇರ್ತದ, ದೊಡ್ಡವರಾದಂಗ ಭಾಳ ಮಂದಿಗೆ ಕಡಿಮಿ ಆಗ್ತದ. ಅರಗದೇ ಉಳದದ್ದು ನೀರು ಎಳಕೊಂಡು ದೊಡ್ಡ ಕರುಳಿಗೆ ಹೋಗ್ತದ, ಅಲ್ಲೆ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಮಾಡ್ತಾವ. ಇದು ಎಲ್ಲಾರ ಹೊಟ್ಯಾಗೂ ಆಗ್ತದ, ಆದ್ರ ನಮ್ಮಂಥವರ ಕರುಳು ಭಾಳ ಸೂಕ್ಷ್ಮ ಆಗಿರ್ತದ, ಬ್ಯಾರೇದವರಿಗೆ ಗೊತ್ತೂ ಆಗದಷ್ಟು ಉಬ್ಬರ ನಮಗ ಕಡಿತ ಆಗ್ತದ. ನಿನ್ನಂಗ ಒಂದು ಸಲ ಜೋರ್ ಜುಲಾಬ್ ಆದಮ್ಯಾಲ ಇದು ಶುರು ಆಗೋದು ಭಾಳ ಮಂದಿಗೆ ಅದ.

ಇಂಥವನ್ನೆಲ್ಲಾ ಕೂಡಿಸಿ ಫಾಡ್‌ಮ್ಯಾಪ್ ಅಂತ ಹೆಸರಿಟ್ಟವರು ಆಸ್ಟ್ರೇಲಿಯಾದ ಮೆಲ್ಬರ್ನ್‌ದಾಗ ಪೀಟರ್ ಗಿಬ್ಸನ್ ಮತ್ತ ಸ್ಯೂ ಶೆಪರ್ಡ್, 2005ರಾಗ. ಆಮ್ಯಾಲ ಅಲ್ಲಿನ ಮೊನಾಶ್ ಯೂನಿವರ್ಸಿಟಿಯವರು ಒಂದೊಂದು ಪದಾರ್ಥ ಪರೀಕ್ಷೆ ಮಾಡಿ ಪಟ್ಟಿ ಮಾಡ್ಯಾರ. ಅವರು ಹೇಳೋದು 2ರಿಂದ 6 ವಾರ ಇವನ್ನ ಬಿಡ್ರಿ, ಆರಾಮ ಅನಿಸಿದ್ರ ಒಂದೊಂದ ವಾಪಸ್ ತರ್ರಿ ಅಂತ. ಮಂದಿ ತಪ್ಪು ಮಾಡೋದು ಎಲ್ಲೆ ಅಂದ್ರ ಬಿಡೋದು ಮಾಡ್ತಾರ, ವಾಪಸ್ ತರೋದು ಮಾಡಂಗಿಲ್ಲ. ನಾನೂ ಎಂಟು ತಿಂಗಳು ಬರೇ ಅನ್ನ ಮಜ್ಜಿಗಿ ಉಂಡು ತಲೆಗೂದಲು ಉದುರಿ ಸಾಕಾಗಿತ್ತು, ಹಂಗ ಮಾಡಬ್ಯಾಡ. ಸಾಧ್ಯ ಆದ್ರ ಡಯಟೀಶಿಯನ್ ಒಬ್ಬರನ್ನ ಹಿಡಕೊಂಡು ಮಾಡು.

ನಮ್ಮ ಅಡಗಿಯೊಳಗ ಇದನ್ನ ಹೆಂಗ ಮಾಡೋದು ಅಂದ್ರ, ಜ್ವಾಳದ ರೊಟ್ಟಿ ವಾಪಸ್ ಹಿಡಿ. ಬದ್ನಿಕಾಯಿ, ಹೀರಿಕಾಯಿ, ಗಜ್ಜರಿ, ಬೀನ್ಸ್ ಪಲ್ಯ ನನಗ ಎಂದೂ ತ್ರಾಸ ಕೊಟ್ಟಿಲ್ಲ. ಉಪ್ಪಿಟ್ಟಿನ ರವಾನೂ ಗೋದೀನ, ಅದರ ಬದ್ಲಿ ಉಳ್ಳಾಗಡ್ಡಿ ಇಲ್ಲದ ಅವಲಕ್ಕಿ ಮಾಡಿಸಿಕೋ. ಬಳ್ಳೊಳ್ಳಿ ರುಚಿ ಬೇಕಂದ್ರ ಎಸಳು ಇಡೀನ ಎಣ್ಣಿಯೊಳಗ ಕೆಂಪಗ ಹುರದು ಎಸಳು ತಗದು ಒಗದುಬಿಡು, ಫ್ರಕ್ಟಾನ್ ನೀರಿನ್ಯಾಗ ಕರಗ್ತದ, ಎಣ್ಣ್ಯಾಗ ಕರಗಂಗಿಲ್ಲ, ಘಮ ಅಷ್ಟ ಎಣ್ಣಿಗೆ ಬರ್ತದ. ಉಳ್ಳಾಗಡ್ಡಿ ತಪ್ಪಲದ ಹಸರು ಭಾಗ ಹಾಕಬಹುದು, ಬಿಳೇ ಗಡ್ಡಿ ಬ್ಯಾಡ. ಕಾಳು ರಾತ್ರಿ ನೆನಸಿ ಆ ನೀರು ಚೆಲ್ಲಿ, ಬ್ಯಾರೆ ನೀರಾಗ ಕುದಿಸಿ ಅದನ್ನೂ ಬಸದು, ಮೂರು ಚಮಚ ಅಷ್ಟ ಉಣ್ಣು. ಈ ಲೆಕ್ಕದಾಗ ಹೋಳಗಿ ದಿನ ನಾವು ಮಾಡೋ ಕಟ್ಟಿನ ಸಾರು ಭಾಳ ತ್ರಾಸ, ಕಡ್ಲಿಬ್ಯಾಳಿ ಬಿಟ್ಟ ಸಕ್ಕರಿ ಎಲ್ಲಾ ಆ ಕಟ್ಟಿನ್ಯಾಗ ಬಂದಿರ್ತದ. ನಾ ಎಷ್ಟೋ ವರ್ಷ ಹೋಳಗಿ ಬಿಟ್ಟು ಬರೇ ಸಾರು ಉಂಡು, ಮತ್ತ್ಯಾಕ ಹೊಟ್ಟಿ ಉಬ್ಬಿತು ಅಂತ ಅಳತಿದ್ದೆ.

ಗಿರ್ಮಿಟ್‌ನೊಳಗ ಚುರಮುರಿ ಅಕ್ಕಿದು, ಅದರದ್ದೇನಿಲ್ಲ. ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು, ಜೋಡಿ ಕಡ್ಲಿಹಿಟ್ಟಿನ ಮಿರ್ಚಿ, ಈ ಮೂರು ಕೂಡಿ ಬರ್ತಾವ. ಒಂದೊಂದ ಸ್ವಲ್ಪ ಇದ್ರ ತಡೀತದ, ಮೂರೂ ಕೂಡಿದ್ರ ಇಲ್ಲ. ಹಾಲಿನ ಬದ್ಲಿ ಮಜ್ಜಿಗಿ ನೋಡು, ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮಿ ಆಗ್ತದ.

ರಾಣೇಬೆನ್ನೂರ_ಕಾಕಾ

ತಂಗಿ ಹೇಳಿದ್ದು ಎಲ್ಲಾ ಖರೇ, ಆದ್ರ ಒಂದು ಮಾತು. ಗೋದಿ ಬಿಡೋಕಿಂತ ಮೊದಲ ಸೀಲಿಯಾಕ್ ರಕ್ತ ಪರೀಕ್ಷೆ ಮಾಡಿಸಪಾ, ಟಿಟಿಜಿ ಅಂತಾರ ಅದಕ್ಕ. ಸೀಲಿಯಾಕ್ ಅಂದ್ರ ಗೋದಿಯೊಳಗಿನ ಗ್ಲುಟೆನ್ ಅನ್ನೋ ಪ್ರೋಟೀನಿನಿಂದ ಕರುಳು ಕೆಡೋ ಕಾಯಿಲೆ. ನಮ್ಮ ಮಗಳಿಗೆ ಹನ್ನೊಂದು ವರ್ಷ ಇದ್ದಾಗ ಹೊಟ್ಟಿನೋವು, ರಕ್ತ ಕಡಿಮಿ, ಎತ್ತರಾನೂ ಬೆಳೀವಲ್ಲದು. ಯಾರೋ ಹೇಳಿದ್ರು ಅಂತ ನಾವ ಗೋದಿ ಬಿಡಿಸಿದ್ವಿ, ಆರು ತಿಂಗಳ ಮ್ಯಾಲ ಪರೀಕ್ಷೆ ಮಾಡಿಸಿದ್ರ ರಿಪೋರ್ಟ್ ನೆಗೆಟಿವ್ ಬಂತು. ಗೋದಿ ಉಣ್ಣದ ಇದ್ರ ಆ ಪರೀಕ್ಷೆಯೊಳಗ ಏನೂ ಕಾಣಂಗಿಲ್ಲ ಅಂತ ಆಮ್ಯಾಲ ಬ್ಯಾರೆ ಡಾಕ್ಟರ್ ತಿಳಿಸಿ ಹೇಳಿದ್ರು. ಮತ್ತ ಎರಡು ತಿಂಗಳು ಆ ಕೂಸಿಗೆ ದಿನಾ ಚಪಾತಿ ತಿನ್ನಿಸಿ, ಅಕಿ ಅಳಾಕ ಹತ್ತಿದ್ರೂ ತಿನ್ನಿಸಿ, ಪರೀಕ್ಷೆ ಮಾಡಿಸಿ, ಎಂಡೋಸ್ಕೊಪಿ ಮಾಡಿಸಿದಮ್ಯಾಲ ಸೀಲಿಯಾಕ್ ಅಂತ ಗೊತ್ತಾತು. ಅದನ್ನ ನೆನಸಿದ್ರ ಇವತ್ತಿಗೂ ಎದಿ ಹಿಂಡ್ತೈತಿ, ನಿಮಗ್ಯಾರಿಗೂ ಅದು ಬ್ಯಾಡ. ನೀ ಹೆಂಗೂ ಈಗ ಚಪಾತಿ ಉಣ್ಣಾಕತ್ತೀ, ಈಗ ಮಾಡಿಸಿಬಿಡು. ನಮ್ಮ ಕಡೆ ಇದು ಪಂಜಾಬ್ ಕಡಿಯಷ್ಟು ಇಲ್ಲ ಅಂತಾರ, ಆದ್ರ ಇಲ್ಲ ಅಂತ ಅಲ್ಲ.

ಸೀಲಿಯಾಕ್ ಇದ್ದವರಿಗೆ ಇನ್ನೊಂದು ವಿಷಯ ಇಲ್ಲೇ ಬರೀತೀನಿ, ಯಾರಿಗರ ಉಪಯೋಗ ಆದೀತು. ಜ್ವಾಳದಾಗ ಗ್ಲುಟೆನ್ ಇಲ್ಲ, ಖರೇ, ಆದ್ರ ಗಿರಣ್ಯಾಗ ಗೋದಿ ಬೀಸಿದ ಮ್ಯಾಲ ಅದ ಕಲ್ಲಿನ್ಯಾಗ ನಮ್ಮ ಜ್ವಾಳ ಹಾಕ್ತಾರ. ವರ್ಷಗಟ್ಟಲೆ ಇದು ನಮಗ ಹೊಳೀಲೇ ಇಲ್ಲ, ಮಗಳಿಗೆ ಪೂರಾ ಆರಾಮ ಆಗ್ತಿರಲಿಲ್ಲ. ಕಡೀಕ ಮನಿಗೇ ಒಂದು ಸಣ್ಣ ಗಿರಣಿ ತಂದ್ವಿ. ಡಬ್ಬಿ ಇಂಗಿನ್ಯಾಗೂ ಮೈದಾ ಕೂಡಿಸಿರ್ತಾರ, ಹಿಂದಿನ ಚೀಟಿ ಓದಿ ತಗೋರಿ. ಗೋದಿ ಹುಗ್ಗಿ ಬದ್ಲಿ ಈಗ ಹಬ್ಬಕ್ಕ ನಮ್ಮ ಮನ್ಯಾಗ ನವಣಿ ಅಕ್ಕಿ ಹುಗ್ಗಿ ಮಾಡ್ತಾರ, ಮನಿಮಂದಿ ಎಲ್ಲಾ ಅದನ್ನ ಉಣ್ತೀವಿ, ಅಕಿ ಒಬ್ಬಾಕಿಗೆ ಬ್ಯಾರೆ ಇಡಂಗಿಲ್ಲ.

ಸಪ್ತಾಪುರ_ಟೀಚರ್

ನಂದು ಉಲ್ಟಾ ಕೇಸ್, ನಾಕು ದಿನಕ್ಕೊಮ್ಮೆ ಹೊಟ್ಟಿ ಸ್ವಚ್ಛ ಆಗೋದು, ಜೋಡಿ ಉಬ್ಬರ. ಎಲ್ಲಾರೂ ನಾರು ತಿನ್ರಿ ಅಂದ್ರು ಅಂತ ಗೋದಿ ತೌಡು ಹಾಕಿದ ಬಿಸ್ಕೀಟು, ಚಪಾತಿ ಶುರು ಮಾಡಿದೆ, ಹೊಟ್ಟಿ ಡೋಲಾಯ್ತು. ನಾರಿನ್ಯಾಗೂ ಎರಡು ಥರ ಇರ್ತದ, ಐಬಿಎಸ್‌ಗೆ ನೀರಿನ್ಯಾಗ ಲೋಳಿ ಆಗೋ ನಾರು ಆಗಬೇಕು, ಅಂದ್ರ ಇಸಬಗೋಲ್. ಒಂದು ಸಣ್ಣ ಚಮಚದಿಂದ ಶುರು ಮಾಡಿ ಎರಡು ಮೂರು ವಾರದಾಗ ಸಾವಕಾಶ ಏರಿಸಿದೆ, ಪ್ರತಿ ಸಲ ದೊಡ್ಡ ಗ್ಲಾಸ್ ತುಂಬ ನೀರು, ನೀರು ಕಡಿಮಿ ಆದ್ರ ಅದು ಒಳಗ ಕಟ್ಟಿಕೊಳ್ತದ. ಜುಲಾಬ್ ಇದ್ದವರಿಗೂ ಇದು ನಡೀತದ, ನೀರು ಹೀರಿಕೊಂಡು ಗಟ್ಟಿ ಮಾಡ್ತದ. ಮತ್ತ ಮುಂಜಾನಿ ಚಹಾ ಆದಮ್ಯಾಲ ಹತ್ತು ನಿಮಿಷ ಸಂಡಾಸಕ್ಕಂತ ಇಡ್ರಿ, ಹೊಟ್ಟಿಗೆ ಏನರ ಬಿದ್ದ ಕೂಡಲೆ ದೊಡ್ಡ ಕರುಳು ತಾನ ಅಲುಗಾಡ್ತದ, ಅವಸರ ಮಾಡಿ ಅದನ್ನ ತಡೀಬ್ಯಾಡ್ರಿ. ಶಾಲಿ ಗಂಟಿ ಸಲವಾಗಿ ಇಪ್ಪತ್ತು ವರ್ಷ ತಡದು ತಡದು ನನಗ ಈ ಪರಿಸ್ಥಿತಿ ಬಂದದ.

ಸವಣೂರ_ಲ್ಯಾಬ್

ಅಣ್ಣಾರ, ನಾ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ, ಆದ್ರೂ 4 ಕಿಲೋ ಇಳದೀನಿ ಅಂತ ಬರದಿದ್ದು ನೋಡಿ ಸುಮ್ಮನ ಹೋಗಾಕ ಆಗ್ಲಿಲ್ಲ. ಹೆದರಿ ಉಣ್ಣದಕ್ಕ ಇಳದಿರಬಹುದು, ಆದ್ರ ಡಾಕ್ಟರಿಗೆ ಈ ಮಾತು ಹೇಳೇ ಹೇಳ್ರಿ. ಐಬಿಎಸ್ ಅಂತ ಹೇಳಾಕ 2016ರ ರೋಮ್ ನಿಯಮ ಅಂತ ಐತಿ, ಹಿಂದಿನ ಮೂರು ತಿಂಗಳಿನ್ಯಾಗ ವಾರಕ್ಕ ಒಂದು ದಿನ ಆದ್ರೂ ನೋವು ಇರಬೇಕು, ಅದು ಸಂಡಾಸಕ್ಕ ಹೋಗೋದು, ಎಷ್ಟು ಸಲ ಹೋಗ್ತೀವಿ, ಹೆಂಗ ಹೋಗ್ತೀವಿ ಅನ್ನೋ ಮೂರರಾಗ ಎರಡರ ಜೋಡಿ ಆದ್ರೂ ಕೂಡಿಕೊಂಡಿರಬೇಕು. ನಿಮ್ಮದು ಅದಕ್ಕ ಹೊಂದತೈತಿ. ಆದ್ರ ಸಂಡಾಸದಾಗ ರಕ್ತ, ರಾತ್ರಿ ನಿದ್ದಿಯಿಂದ ಎಬ್ಬಿಸೋ ಜುಲಾಬ್, ಸಂಜಿ ಜ್ವರ, ರಕ್ತಹೀನತೆ, ಕಾರಣ ಇಲ್ಲದ ತೂಕ ಇಳಿಯೋದು, 45 ದಾಟಿದ ಮ್ಯಾಲ ಹೊಸದಾಗಿ ಶುರು ಆಗೋದು, ಮನ್ಯಾಗ ಯಾರಿಗರ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳೊಳಗ ಒಂದು ಇದ್ರೂ ಊಟ ಬದಲಿ ಮಾಡ್ಕೋತ ಕುಂದರಬ್ಯಾಡ್ರಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಪರೀಕ್ಷೆ ಐತಿ, ಕರುಳು ಉರಿ ಬಂದು ಬಾತಿದ್ರ ಅದು ಏರ್ತೈತಿ, ಬರೇ ಐಬಿಎಸ್ ಇದ್ರ ಸಾಮಾನ್ಯವಾಗಿ ಏರಂಗಿಲ್ಲ. ನಮ್ಮ ದೇಶದಾಗ ಕರುಳಿನ ಟಿಬಿನೂ ಐತಿ, ಅದೂ ಕ್ರೋನ್ಸ್ ಅನ್ನೋ ಕರುಳು ಬಾಯೋ ಕಾಯಿಲೆಯಂಗ ಕಾಣ್ತೈತಿ. ನಮ್ಮ ಚಿಕ್ಕಪ್ಪ ಎರಡು ವರ್ಷ ಗ್ಯಾಸ್ ಗುಳಿಗಿ ನುಂಗಿ ಕುಂತಿದ್ರು, ಕಡೀಕ ಗೊತ್ತಾತು ಟಿಬಿ ಅಂತ. ಆರು ತಿಂಗಳ ಕೋರ್ಸ್ ಮುಗಿಸಿ ಈಗ ಆರಾಮ ಅದಾರ.

ಬೆಟಗೇರಿ_ಪ್ಯಾಸೆಂಜರ್

ಏಳು ವಾರ ಆದಮ್ಯಾಲ ಬರ್ಯಾಕತ್ತೀನಿ, ಎಲ್ಲಾರಿಗೂ ಕೈ ಮುಗೀತೀನಿ. ಮೊದಲ ಪರೀಕ್ಷೆ ಮಾಡಿಸಿದೆ, ಟಿಟಿಜಿ ನೆಗೆಟಿವ್, ಕ್ಯಾಲ್‌ಪ್ರೊಟೆಕ್ಟಿನ್ ನಾರ್ಮಲ್. ಡಯಟೀಶಿಯನ್ ಮೇಡಂ ಒಬ್ಬರು ಸಿಕ್ಕರು, ಅವರೂ ಅಕ್ಕಾರ ಹೇಳಿದಂಗ ಹೇಳಿದ್ರು. ಅವ್ವಗ ಮೊದಲ ಸಿಟ್ಟ ಬಂತು, ಉಳ್ಳಾಗಡ್ಡಿ ಬೆಳ್ಯೋ ಜಿಲ್ಲಾದಾಗ ಹುಟ್ಟಿ ಉಳ್ಳಾಗಡ್ಡಿ ಬಿಟ್ಟ ಹೆಂಗ ಉಣ್ತೀ ಅಂದ್ಲು. ಆದ್ರ ಮೂರನೇ ವಾರಕ್ಕ ನಾ ಎರಡು ರೊಟ್ಟಿ ಬದ್ನಿಕಾಯಿ ಪಲ್ಯ ಉಂಡು ಸಂಜಿತನಕ ಸುಮ್ಮನ ಕುಂತಿದ್ದು ನೋಡಿ ಅಕಿನ ಎಣ್ಣ್ಯಾಗ ಬಳ್ಳೊಳ್ಳಿ ಹುರದು ತಗ್ಯಾಕ ಹತ್ಯಾಳ.

ಐದನೇ ವಾರದಿಂದ ಒಂದೊಂದ ವಾಪಸ್ ತಂದೆ, ಮೂರು ದಿನ ಸ್ವಲ್ಪ ಸ್ವಲ್ಪ ಏರಿಸಿ, ನಡುವ ಎರಡು ದಿನ ಬಿಟ್ಟು, ವಹಿಯೊಳಗ ಬರದುಕೊಂಡು. ಮೊದಲ ಹಾಲು, ಅರ್ಧ ಗ್ಲಾಸಿಗೆ ಏನೂ ಆಗ್ಲಿಲ್ಲ, ಪೂರಾ ಗ್ಲಾಸಿಗೆ ಗುಡುಗುಡು. ಬಸದ ಹೆಸರು ಕಾಳು ನಾಕು ಚಮಚ ತನಕ ನಡೀತೈತಿ. ಹಸಿ ಉಳ್ಳಾಗಡ್ಡಿ ಮಾತ್ರ ಅರ್ಧಕ್ಕೇ ಕಡ್ಯಾಕ ಹತ್ತಿತು, ಎರಡೂ ಸಲ. ಚಪಾತಿ ಪರೀಕ್ಷೆ ಇನ್ನೂ ಉಳದೈತಿ. ಮೂರು ತಿಂಗಳು ನಾ ರೊಟ್ಟಿ ಮ್ಯಾಲ ಸಿಟ್ಟ ಮಾಡಿದ್ನಲ್ರಿ, ಅದ ಈಗ ನನ್ನ ಕೈ ಹಿಡದೈತಿ. ತೂಕ 2 ಕಿಲೋ ವಾಪಸ್ ಬಂದೈತಿ. ಹೋದ ವಾರ ಬಸ್ಸಿಗೆ ಹೋದೆ, ಕಿಡಕಿ ಬಾಜೂಕ ಕುಂತು ಹುಬ್ಬಳ್ಳಿ ಬರೋತನಕ ಸಂಡಾಸದ ವಿಚಾರಾನ ಬರ್ಲಿಲ್ಲ.

ಅಕ್ಕಾರ, ಇನ್ನೊಂದು ಕೇಳ್ತೀನಿ, ಪಂಚಮಿ ಬಂತು, ಮನ್ಯಾಗ ಉಂಡಿ ಕಟ್ಟಾಕ ಹತ್ಯಾರ. ಯಾವ್ಯಾವು ತಿನ್ನಬಹುದು?

ಉಣಕಲ್_ಅಕ್ಕ

ನಿನ್ನ ಬಸ್ಸಿನ ಸುದ್ದಿ ಓದಿ ಕಣ್ಣಾಗ ನೀರು ಬಂತು ನೋಡು ತಮ್ಮಾ. ಶೇಂಗಾ ಉಂಡಿ, ಎಳ್ಳುಂಡಿ, ಚುರಮುರಿ ಉಂಡಿ ಇವುಗಳೊಳಗ ದಿನಕ್ಕ ಒಂದೊಂದು ತಿನ್ನು, ಒಂದ ಹೊತ್ತಿಗೆ ಮೂರೂ ಬ್ಯಾಡ. ಬೇಸನ್ ಉಂಡಿ, ಪುಠಾಣಿ ಉಂಡಿ, ರವಾ ಉಂಡಿ ಈ ವರ್ಷ ಬ್ಯಾಡ. ಚಪಾತಿ ಪರೀಕ್ಷೆ ಹಬ್ಬ ಮುಗದ ಮ್ಯಾಲ ಶುರು ಮಾಡು, ಈಗ ಮಾಡಿದ್ರ ಉಂಡಿಯಿಂದ ಆತೋ ಚಪಾತಿಯಿಂದ ಆತೋ ಗೊತ್ತಾಗಂಗಿಲ್ಲ. ಅವ್ವಗ ಹೇಳು, ಆ ಬಳ್ಳೊಳ್ಳಿ ಎಣ್ಣಿ ಅವತ್ತಿಂದು ಅವತ್ತ ಮಾಡ್ಲಿಕ್ಕೆ, ಮಾಡಿ ಹೊರಗ ಇಟ್ಟು ನಾಕು ದಿನ ಉಪಯೋಗಿಸೋದು ಬ್ಯಾಡ, ಕೆಡ್ತದ.