ವಾರ್ಡಿಗೆ ಬಂದ ಹೊಸಬರ ಪ್ರಶ್ನೆಗಳು, ಇನ್‌ಚಾರ್ಜ್ ಸಿಸ್ಟರ್ ಉತ್ತರಗಳು

ಈ ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಎಂಟು ವರ್ಷ ಖಾಸಗಿ ಆಸ್ಪತ್ರೆಗಳಲ್ಲಿ ದುಡಿದೆ, ನಡುವೆ ಡಿಪ್ಲೊಮಾ ಆದವರು ಓದುವ ಪದವಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡೆ, ಸರ್ಕಾರಿ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಯಿತು. ಈ ವಾರ ರಜೆಯಲ್ಲಿದ್ದೇನೆ, ಆದ್ದರಿಂದ ನಿಧಾನವಾಗಿ ಉತ್ತರಿಸುತ್ತೇನೆ. ವಿದ್ಯಾರ್ಥಿಗಳನ್ನು ಏಕವಚನದಲ್ಲಿ ಕರೆದರೆ ಬೇಸರ ಪಟ್ಟುಕೊಳ್ಳಬೇಡಿ, ನನ್ನ ಮಗಳೂ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ರೋಗಿಯ ಫೋಟೊ, ಕೇಸ್ ಶೀಟಿನ ಫೋಟೊ ಮಾತ್ರ ಇಲ್ಲಿ ಹಾಕಬೇಡಿ. ಹಾಕಿದರೆ ಉತ್ತರವಿಲ್ಲ.

ಪ್ರಶ್ನೆ (ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್, ಹಾವೇರಿ ಜಿಲ್ಲೆ): ಮೇಡಂ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿ ಹೇಗೋ ದಾಟಿತು. ಈಗ ಅನಾಟಮಿ ಪುಸ್ತಕ ತೆರೆದರೆ ಒಂದು ಪುಟಕ್ಕೆ ಒಂದು ಗಂಟೆ ಬೇಕು. ಕೇರಳದ ಸಹಪಾಠಿಗಳು ಪಟಪಟನೆ ಉತ್ತರ ಹೇಳುತ್ತಾರೆ. ಬಿಟ್ಟುಬಿಡಲೇ ಎನ್ನಿಸುತ್ತಿದೆ.

ಉತ್ತರ: ಮೊದಲ ಸೆಮಿಸ್ಟರಿಗೇ ಬಿಡುವುದು ಬೇಡ, ತಂಗಿ. ನಿನಗೆ ಅರ್ಥವಾಗದ ಆ ಪದಗಳು ನಿನ್ನ ಸಹಪಾಠಿಗೂ ತಾಯಿನುಡಿಯಲ್ಲ. ಅವು ಗ್ರೀಕ್, ಲ್ಯಾಟಿನ್ ತುಂಡುಗಳು. ಒಡೆದು ಓದಿದರೆ ಸಲೀಸು. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು, ‘ಆಸ್ಟಮಿ’ ಬಂದರೆ ದೇಹದಲ್ಲಿ ರಂಧ್ರ ಮಾಡಿ ತೆರೆದಿಡುವುದು. ‘ನೆಫ್ರೊ’ ಮೂತ್ರಪಿಂಡ, ‘ಹೆಪಾಟೊ’ ಯಕೃತ್ತು. ಇಂಥ ಐವತ್ತು ಅರವತ್ತು ತುಂಡುಗಳನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎದುರಿಗೆ ಕನ್ನಡ ಬರೆದು ಕಲಿತುಬಿಡು. ‘ಹೈಪರ್’ ಮತ್ತು ‘ಹೈಪೊ’ ಮಾತ್ರ ಕಿವಿಗೆ ಒಂದೇ ಥರ ಕೇಳುತ್ತವೆ. ಅರ್ಥ ನೋಡಿದರೆ ಒಂದು ಹೆಚ್ಚು, ಇನ್ನೊಂದು ಕಡಿಮೆ. ಫೋನಿನಲ್ಲಿ ಡಾಕ್ಟರಿಗೆ ತಿಳಿಸುವಾಗ ‘ಹೈಪೊ’ ಎಂದು ಸುಮ್ಮನಾಗದೆ ‘ಸಕ್ಕರೆ 52 ಇದೆ’ ಎಂದು ಅಂಕಿಯನ್ನೇ ಹೇಳುವುದನ್ನು ಈಗಿನಿಂದಲೇ ರೂಢಿಸಿಕೊ.

ಇನ್ನೊಂದು ಮಾತು. ವಾರ್ಡಿಗೆ ಇಳಿದ ದಿನ ನಿನ್ನ ಕನ್ನಡದ ಬೆಲೆ ನಿನಗೇ ತಿಳಿಯುತ್ತದೆ. ‘ಹೊಟ್ಟೆ ತೊಳಸುತ್ತಿದೆ’, ‘ಎದೆ ಹಿಂಡಿದ ಹಾಗೆ’, ‘ಕಾಲು ಜೋಮು ಹಿಡಿದಿದೆ’, ‘ತಲೆ ಗಿರ್ರೆನ್ನುತ್ತದೆ’ ಎಂದು ಅಜ್ಜಿ ಹೇಳಿದಾಗ ನಾಲ್ಕೂ ಬೇರೆ ಬೇರೆ ತೊಂದರೆ ಎಂದು ಥಟ್ಟನೆ ಹಿಡಿಯುವವಳು ನೀನು. ಪಟಪಟನೆ ಉತ್ತರ ಹೇಳುವ ಗೆಳತಿ ಆಗ ನಿನ್ನ ಮುಖ ನೋಡುತ್ತಾಳೆ. ಅವಳಿಗೆ ಕನ್ನಡ ಕಲಿಸು, ಅವಳಿಂದ ಅನಾಟಮಿ ಹೇಳಿಸಿಕೊ.

ಪ್ರಶ್ನೆ (ಮೂರನೇ ವರ್ಷ, ತುಮಕೂರು): ಸಿಸ್ಟರ್, ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ), ಕೇಸ್ ಸ್ಟಡಿ, ಪ್ರೊಸೀಜರ್ ಬುಕ್ ಬರೆದೂ ಬರೆದೂ ಕೈ ಸೋತಿದೆ. ಹಾಸ್ಟೆಲ್ಲಿನಲ್ಲಿ ಸೀನಿಯರ್ ಅಕ್ಕಂದಿರ ಹಳೆಯ ಪುಸ್ತಕ ನೋಡಿ ಎಲ್ಲರೂ ನಕಲು ಮಾಡುತ್ತಾರೆ. ಓದುವುದಕ್ಕೇ ಸಮಯವಿಲ್ಲದಿರುವಾಗ ಇದರಲ್ಲಿ ತಪ್ಪೇನು?

ಉತ್ತರ: ನಾನೂ ನಕಲು ಮಾಡಿದವಳೇ. ಹಾಗಾಗಿ ಉಪದೇಶ ಮಾಡುವ ಹಕ್ಕು ಇಲ್ಲ, ಆದರೆ ನಡೆದದ್ದನ್ನು ಹೇಳಬಲ್ಲೆ.

ನಮ್ಮ ವಾರ್ಡಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಹರ್ನಿಯಾ ಆಪರೇಷನ್ ಆಗಿದ್ದ ಗಂಡಸಿನ ಕೇರ್ ಪ್ಲಾನಿನಲ್ಲಿ ‘ಸ್ತನ್ಯಪಾನದ ಬಗ್ಗೆ ತಿಳಿವಳಿಕೆ ನೀಡಲಾಯಿತು’ ಎಂದು ಬರೆದಿದ್ದಳು. ಹಿಂದಿನ ವರ್ಷದವರ ಹೆರಿಗೆ ವಾರ್ಡಿನ ಪುಸ್ತಕ! ಎಲ್ಲರೂ ನಕ್ಕೆವು. ನಗಲಾಗದ ಕಥೆ ನನ್ನದೇ ಇದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ, ಇಪ್ಪತ್ತೆಂಟು ರೋಗಿಗಳಿಗೆ ನಾನು ಮತ್ತು ಒಬ್ಬ ಆಯಾ. ಬೆಳಗಿನ ಆರರ ಟಿಪಿಆರ್ (ಜ್ವರ, ನಾಡಿ, ಉಸಿರು) ಬರೆಯಬೇಕು. ಜ್ವರ ನೋಡಿದೆ, ನಾಡಿ ಹಿಡಿದೆ, ಉಸಿರನ್ನು ಯಾರು ಎಣಿಸುತ್ತಾರೆ? ಕಾಲೇಜಿನ ದಿನಗಳಿಂದ ಕೈಗೆ ರೂಢಿಯಾಗಿದ್ದ ‘20’ ಎಂಬ ಅಂಕಿಯನ್ನು ಸಾಲಾಗಿ ಇಪ್ಪತ್ತೆಂಟು ಬಾರಿ ಬರೆದೆ. ಹನ್ನೊಂದನೇ ಹಾಸಿಗೆಯಲ್ಲಿ ನ್ಯುಮೋನಿಯಾ ಆಗಿದ್ದ ಒಬ್ಬ ತಾತ ಇದ್ದರು. ಏಳು ಗಂಟೆಗೆ ಡ್ಯೂಟಿ ಡಾಕ್ಟರ್ ಬಂದು ತಾತನ ಪಕ್ಕ ನಿಂತು, ಗಡಿಯಾರ ನೋಡಿ, ಎಣಿಸಿ, ‘36’ ಎಂದರು. ಆಮೇಲೆ ಚಾರ್ಟ್ ತಿರುಗಿಸಿ ನೋಡಿ, ‘ಇದನ್ನು ಎಣಿಸಿದವರು ಯಾರು?’ ಎಂದು ಕೇಳಿದರು. ಬಯ್ಯಲಿಲ್ಲ, ಕೇಳಿದರು ಅಷ್ಟೆ. ತಾತನನ್ನು ಐಸಿಯುಗೆ ಕಳಿಸಿದೆವು, ಬದುಕಿಕೊಂಡರು. ಆ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ.

ರೋಗಿ ಕೆಡುವ ಮೊದಲು ಬಹಳ ಸಲ ಮೊದಲು ಬದಲಾಗುವುದು ಉಸಿರಿನ ಗತಿ. ನಾವು ಹುಸಿಯಾಗಿ ಬರೆಯುವುದೂ ಅದನ್ನೇ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡದೆ, ‘ಉಸಿರು ನೋಡುತ್ತೇನೆ’ ಎನ್ನದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸು. ಹೇಳಿದರೆ ರೋಗಿ ಬೇಕೆಂದೇ ನಿಧಾನವಾಗಿ ಉಸಿರಾಡುತ್ತಾನೆ.

ನಿನ್ನ ಪ್ರಶ್ನೆಗೆ ಬರೋಣ. ಹತ್ತು ಕೇರ್ ಪ್ಲಾನ್ ಬರೆಯಬೇಕಿದ್ದರೆ ಕನಿಷ್ಠ ಮೂರನ್ನು ನೀನೇ ಮಾತಾಡಿಸಿದ ರೋಗಿಯದನ್ನು ಬರೆ. ಉಳಿದ ಏಳರ ವಿಷಯ ನಾನು ಕೇಳುವುದಿಲ್ಲ. ಪುಸ್ತಕದಲ್ಲಿ ಮಾಡದ್ದನ್ನು ಮಾಡಿದೆನೆಂದು ಬರೆದ ಕೈ ವಾರ್ಡಿನಲ್ಲೂ ಹಾಗೆಯೇ ಬರೆಯುತ್ತದೆ. ನನ್ನ ಕೈ ಬರೆದಿತ್ತು.

ಅದೇ ವಿದ್ಯಾರ್ಥಿನಿ: ಮೂರು ಆಗುತ್ತದೆ ಸಿಸ್ಟರ್. ಹಾಜರಾತಿ ಕೂಡ ಕಡಿಮೆ ಇದೆ, ಶೇ 80 ಇದ್ದರೆ ಸಾಕಲ್ಲವೇ?

ಉತ್ತರ: ಪರೀಕ್ಷೆಗೆ ಕೂರಲು ಶೇ 80. ಆದರೆ ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್, ಅಂದರೆ ವಾರ್ಡಿನ ಹಾಜರಾತಿ ಶೇ 100 ಆಗಲೇಬೇಕು, ತಪ್ಪಿದ ದಿನಗಳನ್ನು ಆಮೇಲೆ ದುಡಿದು ತುಂಬಿಸಬೇಕು. ಕೊನೆಯ ಸೆಮಿಸ್ಟರಿನವರೆಗೆ ಬಾಕಿ ಉಳಿಸಿಕೊಳ್ಳಬೇಡ.

ಪ್ರಶ್ನೆ (ಹೊಸ ಸ್ಟಾಫ್ ನರ್ಸ್, ಬೆಂಗಳೂರು): ತುರ್ತು ಸಿಸ್ಟರ್. ಇವತ್ತು ಬೆಳಿಗ್ಗೆ ರಕ್ತ ತೆಗೆದ ಮೇಲೆ ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿಕೊಂಡೆ. ಸ್ವಲ್ಪ ರಕ್ತ ಬಂತು. ಬಯ್ಯುತ್ತಾರೆಂದು ಯಾರಿಗೂ ಹೇಳಿಲ್ಲ. ಚುಚ್ಚಿಕೊಂಡು ಐದು ಗಂಟೆ ಕಳೆದಿದೆ.

ಉತ್ತರ: ಫೋನ್ ಕೆಳಗಿಟ್ಟು ಈಗಲೇ ಇನ್‌ಚಾರ್ಜ್‌ಗೆ ಹೇಳಿ, ಕ್ಯಾಶುಯಾಲ್ಟಿಗೆ ಹೋಗಿ. ಸೋಪು ನೀರಿನಲ್ಲಿ ತೊಳೆದಿದ್ದೀರಾ? ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾಗುತ್ತದೆಯೇ ಎಂದು ಡಾಕ್ಟರ್ ನಿರ್ಧರಿಸುತ್ತಾರೆ. ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ನಿಮಗಿನ್ನೂ ಸಮಯವಿದೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿವೆಯೇ ಎಂಬುದನ್ನು ಮರೆಯದೆ ಹೇಳಿ. ಹೋಗಿ ಬಂದು ಇಲ್ಲಿ ಬರೆಯಿರಿ.

ಅದೇ ಸ್ಟಾಫ್ ನರ್ಸ್ (ಮೂರು ಗಂಟೆಗಳ ನಂತರ): ಹೋದೆ. ರೋಗಿಯ ರಕ್ತಪರೀಕ್ಷೆ ಮಾಡಿಸಿದರು, ನನ್ನದೂ ತೆಗೆದುಕೊಂಡರು. ಮಾತ್ರೆ ಶುರು ಮಾಡಿದ್ದಾರೆ, ಬೇಕಿದ್ದರೆ 28 ದಿನ. ಲಸಿಕೆಯ ಎರಡೇ ಡೋಸ್ ಆಗಿತ್ತು. ಇನ್‌ಚಾರ್ಜ್ ಬಯ್ದರು, ಆಮೇಲೆ ಅವರೇ ಕಾಫಿ ತರಿಸಿಕೊಟ್ಟರು.

ಉತ್ತರ: ಒಳ್ಳೆಯ ಇನ್‌ಚಾರ್ಜ್. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಚಾಳಿಯನ್ನು ಕಾಲೇಜಿನಲ್ಲಿ ಯಾರೋ ಕಲಿಸಿರುತ್ತಾರೆ, ಬಿಡಿ ಅದನ್ನು. ಸೂಜಿ ನೇರವಾಗಿ ಚೂಪು ತ್ಯಾಜ್ಯದ ಬಿಳಿ ಡಬ್ಬಿಗೆ. ಅದು ದೂರವಿದ್ದರೆ ಸೂಜಿಯನ್ನು ಅಲ್ಲಿಗೆ ಒಯ್ಯುವುದಲ್ಲ, ಡಬ್ಬಿಯನ್ನೇ ರೋಗಿಯ ಬಳಿಗೆ ತನ್ನಿ.

ಪ್ರಶ್ನೆ (ಎರಡು ವಾರದ ಹಿಂದೆ ಸೇರಿದ ಸ್ಟಾಫ್ ನರ್ಸ್, ಹುಬ್ಬಳ್ಳಿ): ಔಷಧ ಕೊಡುವಾಗ ಕೈ ನಡುಗುತ್ತದೆ. ಸೀನಿಯರ್‌ಗಳು ಐದು ನಿಮಿಷದಲ್ಲಿ ಮುಗಿಸುವುದು ನನಗೆ ಅರ್ಧ ಗಂಟೆ. ‘ಬೇಗ ಬೇಗ’ ಎನ್ನುತ್ತಾರೆ. ಯಾವುದಕ್ಕೆ ಹೆಚ್ಚು ಹೆದರಬೇಕು, ಅದನ್ನಾದರೂ ಹೇಳಿ.

ಉತ್ತರ: ನಡುಗಲಿ ಬಿಡಿ, ಇನ್ನೆರಡು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ನನಗೆ ಭಯವಿರುವುದು ನಡುಕ ನಿಂತ ಮೇಲಿನ ಆರನೇ ತಿಂಗಳಿನದು. ಹೆದರಬೇಕಾದ ಎರಡನ್ನು ಹೇಳುತ್ತೇನೆ.

ಮೊದಲನೆಯದು ಇನ್ಸುಲಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಕೆಲವು ಸೀಸೆಗಳಲ್ಲಿ ಮತ್ತು ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಸಿರಿಂಜೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ಡಾಕ್ಟರ್ ಡೋಸ್ ಏರಿಸುತ್ತಲೇ ಹೋಗುತ್ತಾರೆ. ಅದೇ ತಿರುಗುಮುರುಗಾಗಿ 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದಿರೋ, 50 ಯೂನಿಟ್ ಹೋಯಿತು. ರಾತ್ರಿ ಹೊತ್ತಾದರೆ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರನ್ನು ‘ನಿದ್ರೆ ಮಾಡುತ್ತಿದ್ದಾರೆ’ ಎಂದುಕೊಂಡು ಎಬ್ಬಿಸದೇ ಇರುತ್ತೇವೆ. ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ, ಎರಡನ್ನೂ ಗಟ್ಟಿಯಾಗಿ ಓದಿಕೊಂಡು ಎಳೆಯಿರಿ. ಪಕ್ಕದವರು ನಕ್ಕರೆ ನಗಲಿ.

ಎರಡನೆಯದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಕೆಸಿಎಲ್. ಹತ್ತು ಎಂಎಲ್ ಆಂಪೂಲ್, ನೋಡಲು ಡಿಸ್ಟಿಲ್ಡ್ ವಾಟರ್‌ನ ಅವಳಿಜವಳಿ. ಇದನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಯಾವಾಗಲೂ ಡ್ರಿಪ್ಪಿನಲ್ಲಿ ಬೆರೆಸಿ, ನಿಧಾನವಾಗಿ. ಟ್ರಾಲಿಯಲ್ಲಿ ಎರಡೂ ಒಂದೇ ಟ್ರೇಯಲ್ಲಿ ಕಂಡರೆ ಯಾರ ಅಪ್ಪಣೆಗೂ ಕಾಯದೆ ಬೇರೆ ಮಾಡಿಡಿ. ನಮ್ಮ ವಾರ್ಡಿನಲ್ಲಿ ಕೆಸಿಎಲ್ ಬೀಗದ ಕಪಾಟಿನಲ್ಲಿದೆ, ಬೀಗದ ಕೈ ನನ್ನ ಜೇಬಿನಲ್ಲಿ. ಹಿಂದೆ ಗೊಣಗುತ್ತಿದ್ದವರೆಲ್ಲ ಈಗ ಸುಮ್ಮನಾಗಿದ್ದಾರೆ.

‘ಬೇಗ ಬೇಗ’ ಎನ್ನುವವರಿಗೆ ‘ಆಯಿತು ಸಿಸ್ಟರ್’ ಎನ್ನಿ, ನಿಮ್ಮ ಗತಿಯಲ್ಲೇ ಮಾಡಿ. ಎಂಟಕ್ಕೆ ಪಾಳಿ ಇದ್ದರೆ ಏಳೂಮುಕ್ಕಾಲಿಗೆ ಬಂದು ಚಾರ್ಟ್‌ಗಳನ್ನು ಓದಿಕೊಳ್ಳಿ.

ಇನ್ನೊಬ್ಬ ಸದಸ್ಯೆ: ಮೇಡಂ, ಡ್ರಿಪ್ ಲೆಕ್ಕ ಒಮ್ಮೆ ಹೇಳಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ವಾರ್ಡಿನಲ್ಲಿ ನೆನಪಾಗುವುದಿಲ್ಲ.

ಉತ್ತರ: ಐವಿ ಸೆಟ್ಟಿನ ಕವರಿನ ಮೇಲೆ ಒಂದು ಎಂಎಲ್‌ಗೆ ಎಷ್ಟು ಹನಿ ಎಂದು ಬರೆದಿರುತ್ತದೆ, ಮಾಮೂಲಿ ಸೆಟ್ಟಿಗೆ 20, ಮಕ್ಕಳ ಮೈಕ್ರೊ ಸೆಟ್ಟಿಗೆ 60. ಅರ್ಧ ಲೀಟರ್ ನಾಲ್ಕು ಗಂಟೆಯಲ್ಲಿ ಹೋಗಬೇಕೆಂದರೆ 500 ಗುಣಿಸು 20, ಹತ್ತು ಸಾವಿರ ಹನಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ 42 ಹನಿ. ಕಾಲು ನಿಮಿಷಕ್ಕೆ ಹತ್ತು ಹನ್ನೊಂದು ಬೀಳುತ್ತಿದ್ದರೆ ಸರಿ. ಹೊರಟು ಹತ್ತು ನಿಮಿಷವಾದ ಮೇಲೆ ಮತ್ತೆ ನೋಡಿ. ರೋಗಿ ಕೈ ಮಡಚಿದರೆ ನಿಂತಿರುತ್ತದೆ, ಸಂಬಂಧಿಕರು ‘ಬೇಗ ಮುಗಿಯಲಿ’ ಎಂದು ಹನಿ ಹೆಚ್ಚು ಕಡಿಮೆ ಮಾಡುವ ಗಾಲಿ ತಿರುಗಿಸಿದ್ದರೆ ಹೊಳೆಯಾಗಿರುತ್ತದೆ.

ಪ್ರಶ್ನೆ (ಜಿಎನ್‌ಎಂ ಎರಡನೇ ವರ್ಷ, ವಿಜಯಪುರ): ನಾನು ಹುಡುಗ. ಊರಿನಲ್ಲಿ ‘ಹೆಂಗಸರ ಕೆಲಸ’ ಎಂದು ಆಡಿಕೊಳ್ಳುತ್ತಾರೆ.

ಉತ್ತರ: ಆಡಿಕೊಳ್ಳುವವರ ಮನೆಯ ಹಿರಿಯರು ಆಪರೇಷನ್ ಆಗಿ ಮಲಗಿದಾಗ ಹೊಟ್ಟೆಯ ಕೆಳಗಿನ ಡ್ರೆಸ್ಸಿಂಗಿಗೆ ‘ಬ್ರದರ್ ಇಲ್ಲವೇ?’ ಎಂದೇ ಕೇಳುವುದು, ತಮ್ಮ. ನಿನಗೆ ಒಂದು ಎಚ್ಚರ: ಹೆಣ್ಣು ರೋಗಿಗೆ ಕ್ಯಾತಿಟರ್, ಇಸಿಜಿ, ಬೆಡ್ ಬಾತ್ ಎಂದರೆ ಜೊತೆಗೊಬ್ಬ ಸಿಸ್ಟರ್ ಅಥವಾ ಆಯಾ ಇರಲೇಬೇಕು. ಪರದೆ ಎಳೆದು, ಏನು ಮಾಡುತ್ತೇನೆಂದು ಹೇಳಿ, ಒಪ್ಪಿಗೆ ಕೇಳಿ ಆಮೇಲೆ ಮುಟ್ಟು.

ಪ್ರಶ್ನೆ (ಫಲಿತಾಂಶ ಬಂದಿದೆ, ಮೈಸೂರು): ಕೆಲಸ ಕೊಡುವ ಆಸ್ಪತ್ರೆಯವರು ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಂತೆ, ಎರಡು ವರ್ಷದ ಬಾಂಡ್ ಕೂಡ. ಸಂಬಳ ಹದಿನೈದು ಸಾವಿರ. ಸೇರಲೇ?

ಉತ್ತರ: ಮೂಲ ಪ್ರಮಾಣಪತ್ರ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ. ನಾನು ಮೊದಲ ಕೆಲಸದಲ್ಲಿ ಕೊಟ್ಟುಬಿಟ್ಟು, ಆಮೇಲೆ ಅದನ್ನು ಬಿಡಿಸಿಕೊಳ್ಳಲು ಅಪ್ಪನನ್ನು ಕರೆದುಕೊಂಡು ನಾಲ್ಕು ಸಲ ಅಲೆದಿದ್ದೇನೆ. ಬಾಂಡ್ ಎಂದರೆ ಸಹಿಗೆ ಮೊದಲು ಮನೆಗೆ ತಂದು ಓದಿ. ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಸಾಲನ್ನು ಎರಡು ಸಲ ಓದಿ.

ಅದಕ್ಕೂ ಮೊದಲು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಮಾಡಿಸಿಕೊಳ್ಳಿ. ಅದಿಲ್ಲದೆ ನೀವು ಪದವೀಧರೆ, ನರ್ಸ್ ಅಲ್ಲ.

ಸಂಬಳದ ವಿಷಯಕ್ಕೆ ಬಂದರೆ, 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯೊಂದು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ಇಷ್ಟು ಕೊಡಿ ಎಂದು ಶಿಫಾರಸು ಮಾಡಿದೆ. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು. ಶಿಫಾರಸು ಕಾಗದದಲ್ಲಿದೆ, ನಿಮಗೆ ಹೇಳುತ್ತಿರುವುದು ಹದಿನೈದು. ಅನುಭವಕ್ಕಾಗಿ ಸೇರುವುದಾದರೆ ಸೇರಿ, ಆದರೆ ಐಸಿಯು ಅಥವಾ ಎಮರ್ಜೆನ್ಸಿ ಪೋಸ್ಟಿಂಗ್ ಕೇಳಿ ಪಡೆಯಿರಿ. ಬಿಡುವಿದ್ದಾಗ ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಓದಿ.

ಪ್ರಶ್ನೆ (ಮೂರು ತಿಂಗಳ ಸ್ಟಾಫ್ ನರ್ಸ್, ಶಿವಮೊಗ್ಗ): ನಿನ್ನೆ ನನ್ನ ಪಾಳಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ನಾನು ನೋಡಿದ ಮೊದಲ ಸಾವು. ಮುಂದೆ ಏನು ಮಾಡಬೇಕೆಂದೇ ತೋಚಲಿಲ್ಲ, ಸೀನಿಯರ್ ಬಂದು ಎಲ್ಲ ಮಾಡಿದರು. ನಾನು ಲಿನನ್ ರೂಮಿನಲ್ಲಿ ನಿಂತು ಅತ್ತೆ.

ಉತ್ತರ: ಲಿನನ್ ರೂಮ್ ಇರುವುದೇ ಅದಕ್ಕೆ. ನಾನೂ ಅಲ್ಲೇ ಅತ್ತಿದ್ದೇನೆ.

ಮುಂದಿನ ಸಲ ನೀವೇ ಮಾಡುತ್ತೀರಿ, ಆದ್ದರಿಂದ ಹೇಳುತ್ತೇನೆ. ಡಾಕ್ಟರ್ ದೃಢಪಡಿಸಿ ಸಮಯ ಬರೆದ ಮೇಲೆ ಪರದೆ ಎಳೆಯಿರಿ. ಕಣ್ಣು ಮುಚ್ಚಿಸಿ, ಗದ್ದಕ್ಕೆ ಬ್ಯಾಂಡೇಜ್ ಕಟ್ಟಿ, ಕೈಕಾಲು ನೆಟ್ಟಗೆ ಮಾಡಿ. ತಡವಾದರೆ ಸೆಟೆದುಕೊಳ್ಳುತ್ತವೆ. ಪೊಲೀಸ್ ಕೇಸ್ ಅಲ್ಲದಿದ್ದರೆ ಮಾತ್ರ ನಳಿಕೆಗಳನ್ನು ತೆಗೆಯಿರಿ. ಮುಖ ಒರೆಸಿ, ತಲೆ ಬಾಚಿ, ಆಮೇಲೆ ಮನೆಯವರನ್ನು ಒಳಗೆ ಬಿಡಿ. ಮುಟ್ಟಬೇಕೆಂದರೆ ಮುಟ್ಟಲಿ, ಬಾಯಿಗೆ ನೀರು ಬಿಡಬೇಕೆಂದರೆ ಬಿಡಲಿ, ಆ ಹೊತ್ತಿನಲ್ಲಿ ಬಿಲ್ಲಿನ ಮಾತು ಎತ್ತುವವರನ್ನು ಹೊರಗೆ ನಿಲ್ಲಿಸಿ.

ಮೈಮೇಲಿನ ಒಡವೆಗಳನ್ನು ಇನ್ನೊಬ್ಬ ಸಿಸ್ಟರ್ ಎದುರಿಗೇ ತೆಗೆದು, ಮನೆಯವರ ಕೈಗೆ ಕೊಟ್ಟು, ಬರೆದು ಸಹಿ ಮಾಡಿಸಿ. ‘ಚಿನ್ನದ ಓಲೆ’ ಎಂದು ಬರೆಯಬೇಡಿ. ಚಿನ್ನವೋ ಅಲ್ಲವೋ ನಮಗೇನು ಗೊತ್ತು? ‘ಹಳದಿ ಲೋಹದ ಓಲೆ, ಎರಡು. ಬಿಳಿ ಹರಳಿನ ಮೂಗುತಿ, ಒಂದು. ಬಿಳಿ ಲೋಹದ ಕಾಲುಂಗುರ, ಎರಡು. ಗಾಜಿನ ಬಳೆ, ಹಸಿರು, ಆರು.’ ಕಣ್ಣಿಗೆ ಕಂಡಷ್ಟು, ಎಣಿಸಿದಷ್ಟು.