ಸಹಾಯ ಬೇಕು: ಎಂಡೋಸ್ಕೋಪಿ ಕಲಿಸಲು ಒಂದು ಹಳೆಯ ಸ್ಕೋಪ್

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವಳು, ಗ್ಯಾಸ್ಟ್ರೋ (ಹೊಟ್ಟೆ, ಕರುಳಿನ) ಡಾಕ್ಟರ್. ಎಂಡಿ ಆದಮೇಲೆ ಅದೇ ವಿಷಯದಲ್ಲಿ 3 ವರ್ಷ ಡಿಎಂ ಓದಿ ಊರಿಗೇ ಬಂದೆ. ರಕ್ತ ವಾಂತಿ ಆದವರನ್ನು ರಾತ್ರೋರಾತ್ರಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಕಾರವಾರ, ಕುಮಟಾ, ಶಿರಸಿ ಕಡೆಯ ಕಿರಿಯ ಡಾಕ್ಟರುಗಳಿಗೆ ಭಾನುವಾರ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಬಾಗುವ ಟ್ಯೂಬ್, ಅಂದರೆ ಸ್ಕೋಪ್, ಹಾಕಿ ಹೊಟ್ಟೆಯೊಳಗೆ ನೋಡುವುದು) ಅಭ್ಯಾಸ ಶುರು ಮಾಡಬೇಕು ಅಂತಿದ್ದೇನೆ. ರೋಗಿಯ ಮೇಲಲ್ಲ, ಮಾಡೆಲ್ ಮೇಲೆ. ನಾನು ಕಲಿಯುವಾಗ ಮೊದಲ ದಿನವೇ ಒಬ್ಬ ಅಜ್ಜನ ಬಾಯಿಗೆ ಸ್ಕೋಪ್ ಹಾಕಲು ಹೇಳಿದ್ದರು. ಎಡಗೈ ಹೆಬ್ಬೆರಳು ಚಕ್ರ ತಿರುಗಿಸಬೇಕು, ಬಲಗೈ ಟ್ಯೂಬ್ ತಳ್ಳಬೇಕು, ಕಣ್ಣು ಪರದೆ ಮೇಲಿರಬೇಕು. ಮೂರೂ ಕೂಡಿ ಬರಲು ತುಂಬಾ ದಿನ ಬೇಕು. ಆ ಅಜ್ಜ ಪಟ್ಟ ಕಷ್ಟ ಇನ್ನೂ ಮರೆತಿಲ್ಲ.

ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಯಲ್ಲೂ ಅಷ್ಟೇ. ಸ್ಕೋಪ್ ಹೊರಗೆ ತರುವಾಗ ಕನಿಷ್ಠ 6 ನಿಮಿಷ ನಿಧಾನವಾಗಿ ಹುಡುಕಬೇಕು. ಅವಸರ ಮಾಡಿದರೆ ಸಣ್ಣ ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಕಣ್ತಪ್ಪುತ್ತದೆ, ಕೆಲವು ಪಾಲಿಪ್ ಮುಂದೆ ಕ್ಯಾನ್ಸರ್ ಆಗುತ್ತವೆ. ಈ ತಾಳ್ಮೆ ಮೊದಲೇ ರೂಢಿ ಆಗಬೇಕು ಅಲ್ವಾ?

ಯಾರ ಆಸ್ಪತ್ರೆಯಲ್ಲಾದರೂ ಬಳಕೆ ನಿಂತ ಹಳೆಯ ಗ್ಯಾಸ್ಟ್ರೋಸ್ಕೋಪ್ (ಹೊಟ್ಟೆ ನೋಡುವ ಸ್ಕೋಪ್) ಇದೆಯಾ? ಚಿತ್ರ ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ, ತುದಿ ಸರಿಯಾಗಿ ಬಾಗಿದರೆ ಸಾಕು. ಅದನ್ನು ರೋಗಿಗಳಿಗೆ ಖಂಡಿತ ಬಳಸುವುದಿಲ್ಲ. ರಬ್ಬರ್ ಹೊಟ್ಟೆಯ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಕೋಪ್ ತೊಳೆಯುವುದನ್ನು ಚೆನ್ನಾಗಿ ಬಲ್ಲ ಟೆಕ್ನಿಷಿಯನ್ ಕೂಡ ಬೇಕು. ಸೋಂಕು ತಡೆಯುವುದೇ ಅಲ್ಲಿ, ಆದರೆ ಅದನ್ನು ಕೂರಿಸಿ ಹೇಳಿಕೊಡುವವರು ಕಡಿಮೆ.

ತಿಂಗಳಿಗೊಂದು ಭಾನುವಾರ ಬಂದು ಕಲಿಸಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಊಟ, ಉಳಿಯುವುದು ನಮ್ಮನೆಯಲ್ಲೇ. ಸ್ಕೋಪ್ ಎಲ್ಲಿದ್ದರೂ ನಾನೇ ಬಂದು ಒಯ್ಯುತ್ತೇನೆ, ಮೆಸೇಜ್ ಮಾಡಿ.